ಒಂದು ದಿನದ ಪಾಂಡವರು

ಇಂಗಳೇಶ್ವರದ ಹತ್ತಿರ ವಿದ್ಯುತ್ ಮಾರ್ಗದ ಸರ್ವೆ ಮಾಡುವಾಗ ಗಂಗವ್ವ ಎಂಬ ಅಜ್ಜಿಯ ಜೋಳದ ಹೊಲದಲ್ಲಿ ಒಂದು ಟವರ್ ಬರಬೇಕಿತ್ತು. ಟವರಿನ ಕಾಲಿಗೊಂದರಂತೆ ನಾಲ್ಕು, ನಡುವೆ ಒಂದು, ಹೀಗೆ ಐದು ಕಲ್ಲಿಗೆ ಸುಣ್ಣ ಬಳಿದು ಗುರುತಿಟ್ಟು ಬಂದೆ. ಹೊಲದಲ್ಲಿ ಆಗ ಯಾರೂ ಇರಲಿಲ್ಲ.

ಎಳ್ಳಮವಾಸ್ಯೆಯ ಮರುದಿನ ಹೋದರೆ ನಾಲ್ಕೂ ಮೂಲೆಯ ಕಲ್ಲುಗಳು ನಡುವಿನ ಕಲ್ಲಿನ ಪಕ್ಕ ಸಾಲಾಗಿ ಕೂತಿದ್ದವು. ಮೈತುಂಬ ಅರಿಶಿನ ಕುಂಕುಮ.

"ಅಜ್ಜಿ, ಇವು ನಮ್ಮ ಟವರಿನ ಕಲ್ಲು" ಎಂದೆ.

"ಪಂಚ ಪಾಂಡವರ್ರಿ. ನಿನ್ನೆ ಪೂಜಿ ಮಾಡಿ ಹೊಲಕ್ಕೆಲ್ಲ ಚರಗ ಚೆಲ್ಲೇವಿ" ಎನ್ನುತ್ತ ಗಂಗವ್ವ ನನ್ನ ಕೈಗೊಂದು ಕಡುಬು ಇಟ್ಟಳು.

ಮೈಸೂರಿನ ಕಡೆಯವನಾದ ನನಗೆ, ಹೊಲದಲ್ಲಿ ಐದು ಕಲ್ಲು ಪೂಜಿಸಿ ನೈವೇದ್ಯದ ಅಡುಗೆಯನ್ನು ಚರಗವೆಂದು ಪೈರಿಗೆ ಚೆಲ್ಲುವ ಈ ಪದ್ಧತಿ ಹೊಸದು. ದೇವರನ್ನು ಎತ್ತಿಸಿದ ಅಪವಾದ ಬೇಡವೆಂದು ನಕ್ಷೆಯನ್ನೇ ತಿದ್ದಿ, ಮೇಲಿನವರನ್ನು ಹೇಗೋ ಒಪ್ಪಿಸಿ, ಟವರನ್ನು ಪಕ್ಕದ ಹೊಲಕ್ಕೆ ಸರಿಸಿದೆ.

ಟವರ್ ಎದ್ದ ಮೇಲೆ ಒಂದು ದಿನ ಆ ದಾರಿಯಲ್ಲೇ ಹೋಗುತ್ತಿದ್ದೆ. ನನ್ನ ಐದು ಕಲ್ಲುಗಳಲ್ಲಿ ಮೂರು, ಗಂಗವ್ವನ ಒಲೆಯಾಗಿದ್ದವು. ಮೇಲೆ ಚಹಾ ಕುದಿಯುತ್ತಿತ್ತು.

"ಅಜ್ಜಿ, ಇವರು ಪಾಂಡವರಲ್ಲವೇ?"

"ಒಂದ ದಿನಾ ಅಷ್ಟ ಪಾಂಡವರ್ರಿ, ಸಾಹೇಬ್ರ. ಮರುದಿನ ಬರೇ ಕಲ್ಲ. ಮುಂದಿನ ವರ್ಷ ಬ್ಯಾರೆ ಹುಡುಕ್ತೇವಿ."

"ಅವತ್ತೇ ಹೇಳಬಾರದಿತ್ತೇ?"

"ಕಲ್ಲ ಇಡೂ ಮುಂದನೂ ನೀವು ಕೇಳಲಿಲ್ಲ, ಬಿಟ್ಟು ಹೋಗೂ ಮುಂದನೂ ಕೇಳಲಿಲ್ಲ. ನಾ ಯಾಕ ಹೇಳ್ಲಿ?"

ಚಹಾ ಚೆನ್ನಾಗಿತ್ತು. ಪಕ್ಕದ ಹೊಲದವರು ಮಾತ್ರ ನನಗೆ ಇವತ್ತಿನವರೆಗೂ ಚಹಾ ಕೊಟ್ಟಿಲ್ಲ.