ಮೊಸಳೆಯಾದ ಪೀಪಿ ಮೇಷ್ಟ್ರು

ಆ ಶಾಲೆಯ ವ್ಯಾಯಾಮದ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೇ ಮರೆತುಹೋಗುವಂತಾಗಿತ್ತು. ಊರಿಗೆಲ್ಲ ಅವರು ಪೀಪಿ ಮೇಷ್ಟ್ರು. ಸೀಟಿ ಅವರ ಕೊರಳಲ್ಲಿ ಇರುತ್ತಿದ್ದುದಕ್ಕಿಂತ ಬಾಯಲ್ಲಿ ಇರುತ್ತಿದ್ದುದೇ ಹೆಚ್ಚು. ಒಮ್ಮೆ ಊದಿದರೆ ಮಕ್ಕಳು ಸಾಲಾಗಿ ನಿಲ್ಲಬೇಕು, ಎರಡು ಸಲ ಊದಿದರೆ ಕೈ ಎತ್ತಬೇಕು, ಮೂರು ಸಲ ಊದಿದರೆ ನಗಬೇಕು. ಈ ಮೂರನೆಯದು ವಾರ್ಷಿಕೋತ್ಸವದ ಅತಿಥಿಗಳಿಗಾಗಿ. ಆಟದ ಪೀರಿಯಡ್ಡಿನಲ್ಲಿ ಮಕ್ಕಳು ಮಾಡಬಾರದ ಕೆಲಸ ಒಂದೇ ಇತ್ತು, ಆಟ.

ಮನೆಯಲ್ಲೂ ಅದೇ ಕಥೆ. ಹಾಲು ಉಕ್ಕಿದರೆ ಸೀಟಿ, ಮಗಳು ಹಾಸಿಗೆ ಬಿಟ್ಟು ಏಳದಿದ್ದರೆ ಸೀಟಿ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ಸೀಟಿಗೆ ಬೆಚ್ಚಿಬಿದ್ದು, ಯಾರದೋ ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದು ಬೈಸಿಕೊಂಡದ್ದೂ ಉಂಟು.

ಹೀಗಿರುವಾಗ ಮೇಷ್ಟ್ರ ದವಡೆ ಹಲ್ಲು ಕೈಕೊಟ್ಟಿತು. ಹಲ್ಲು ಕಿತ್ತ ಡಾಕ್ಟರು, "ಒಂದು ವಾರ ಏನೂ ಊದೋ ಹಾಗಿಲ್ಲ, ಕೂಗೋ ಹಾಗಿಲ್ಲ. ಮಾತೂ ಬೇಡ" ಅಂದರು.

"ಒಂದೇ ವಾರಾನಾ ಡಾಕ್ಟ್ರೇ?" ಹೆಂಡತಿ ಆಸೆಯಿಂದ ಕೇಳಿದರು. "ಇನ್ನೊಂದೆರಡು ಹಲ್ಲು ಕೀಳೋಕಾಗುತ್ತಾ ನೋಡಿ."

ಮರುದಿನ ಮೇಷ್ಟ್ರು ಊದಿದ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಮೈದಾನಕ್ಕೆ ಬಂದರು. ಮಕ್ಕಳು ಅಭ್ಯಾಸಬಲದಿಂದ ಸಾಲಾಗಿ ನಿಂತು ಸೀಟಿಗೆ ಕಾದರು. ಸ್ವಲ್ಪ ಹಿಂದೆ ಸರಿದು ನಿಲ್ಲಿ ಎಂದು ಮೇಷ್ಟ್ರು ಕೈಬೀಸಿದರು. ಮಕ್ಕಳಿಗೆ ಅದು 'ಎಲ್ಲಾದರೂ ಹಾಳಾಗಿ ಹೋಗಿ' ಎಂದಂತೆ ಕಂಡಿತು. ಒಂದು ಕ್ಷಣ ಮುಖ ಮುಖ ನೋಡಿಕೊಂಡವರು ಮರುಕ್ಷಣ ಕಟ್ಟೆಯೊಡೆದ ನೀರಿನಂತೆ ಮೈದಾನದ ಮೂಲೆಗೆ ನುಗ್ಗಿದರು.

ಆ ಮೂಲೆಯಲ್ಲಿ, ಹೊಸ ಕೋಣೆ ಕಟ್ಟಿದ ಮೇಸ್ತ್ರಿ ಬಿಟ್ಟುಹೋಗಿದ್ದ ಮರಳ ಗುಡ್ಡೆ, ಹಲಗೆಗಳು, ಪೈಪಿನ ತುಂಡುಗಳು ಬಿದ್ದಿದ್ದವು. ಯಾರಿಗಾದರೂ ಏಟಾದೀತೆಂದು ಮೇಷ್ಟ್ರು ಹಿಂದೆಯೇ ಓಡಿದರು. ಕೂಗಲು ಬಾಯಿ ತೆರೆದರೆ ಡಾಕ್ಟರು ತುರುಕಿದ್ದ ಹತ್ತಿ ಹೊರಗೆ ಬಂತೇ ಹೊರತು ದನಿ ಬರಲಿಲ್ಲ.

ಅವರು ಓಡಿ ಬರುವಷ್ಟರಲ್ಲಿ ಮಕ್ಕಳು ಮರಳು ಬಗೆದು ನದಿ ಮಾಡಿದ್ದರು, ಅದಕ್ಕೊಂದು ಹಲಗೆ ಹಾಕಿ ಸೇತುವೆಯನ್ನೂ ಕಟ್ಟಿದ್ದರು. ಸೇತುವೆ ತನ್ನದೆಂದು ಇಬ್ಬರು ಕಾಲರ್ ಹಿಡಿದುಕೊಂಡಿದ್ದರು. ಬಿಡಿಸೋಣವೆಂದು ಮೇಷ್ಟ್ರು ಹತ್ತಿರ ಹೋದರೆ, ಅಷ್ಟರಲ್ಲಿ ಜಗಳ ಮುಗಿದು ಇಬ್ಬರೂ ಪಾಲುದಾರರಾಗಿದ್ದರು.

"ದಾಟೋರು ಒಂದೆಲೆ ಕೊಡ್ಬೇಕು. ಮೇಷ್ಟ್ರೇ, ನಿಮ್ಮ ಎಲೆ?"

ಮೇಷ್ಟ್ರು ಪೆಚ್ಚಾಗಿ ಮರದ ಹತ್ತಿರ ಹೋಗಿ, ಎಲೆ ಆಯ್ದು ತಂದು ಕೊಟ್ಟು ದಾಟಿದರು.

ಆಚೆ ದಡದಲ್ಲಿ ಅಪ್ಪಣೆ ಕೊಡುತ್ತ ನಿಂತಿದ್ದವಳನ್ನು ಕಂಡು ಅವರಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಅವಳನ್ನು ಎಲ್ಲರೂ 'ಹೊಟ್ಟೆನೋವು' ಎಂದೇ ಕರೆಯುತ್ತಿದ್ದರು, ಆಟದ ಪೀರಿಯಡ್ಡು ಬಂತೆಂದರೆ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಿದ್ದ ಹುಡುಗಿ. ಇವತ್ತು ಮೊಣಕೈವರೆಗೆ ಮರಳು ಮೆತ್ತಿಕೊಂಡು, "ನದಿಯೇನೋ ಆಯ್ತು, ಮೊಸಳೇನೇ ಇಲ್ವಲ್ಲ!" ಎಂದು ಸುತ್ತ ನೋಡುತ್ತಿದ್ದಳು. ಕಣ್ಣು ಮೇಷ್ಟ್ರ ಮೇಲೆ ಬಿತ್ತು.

"ಮೇಷ್ಟ್ರೇ, ನಿಮಗೆ ಹೇಗೂ ಮಾತಾಡೋಕಾಗಲ್ಲ. ಮೊಸಳೆ ಆಗ್ತೀರಾ?"

ಆಗುವುದಿಲ್ಲ ಎನ್ನಲಾದರೂ ಬಾಯಿ ಬೇಕಲ್ಲ! ಮೇಷ್ಟ್ರು ಮಫ್ಲರ್ ಬಿಚ್ಚಿಟ್ಟು ಮರಳಿನಲ್ಲಿ ಬೋರಲು ಮಲಗಿದರು. ಮೊದಲು ನಾಚಿಕೊಂಡೇ ಒಂದು ಕೈ ಆಡಿಸಿದರು. ಹುಡುಗನೊಬ್ಬ ಚೀರಿ ಓಡಿದ. ಹುಮ್ಮಸ್ಸು ಬಂತು. ಮುಂದಿನವನ ಕಾಲಿಗೇ ಬಾಯಿ ಹಾಕಿದರು. ಇಷ್ಟು ವರ್ಷ ಆಟದ ಮೇಷ್ಟ್ರಾಗಿದ್ದರೂ, ಆಟಕ್ಕೆ ಬನ್ನಿ ಎಂದು ಅವರನ್ನು ಯಾರೂ ಕರೆದಿರಲಿಲ್ಲ.

ಗದ್ದಲ ಕೇಳಿ ಹೆಡ್‌ಮೇಡಂ ಬಂದರು. "ಏನ್ರೀ ಮೇಷ್ಟ್ರೇ, ಏನಿದು ಅವತಾರ? ಏಳ್ರೀ ಮೇಲೆ!"

"ಅದನ್ನ ಮಾತಾಡಿಸ್ಬೇಡಿ ಮೇಡಂ, ಅದು ಮೊಸಳೆ!" ಹೊಟ್ಟೆನೋವು ಕಿರುಚಿದಳು. "ನೀವು ನಡುನೀರಲ್ಲಿ ನಿಂತಿದ್ದೀರ!"

ಹೆಡ್‌ಮೇಡಂ ಕಾಲಕೆಳಗೆ ನೋಡಿಕೊಂಡರು. ಏನನ್ನಿಸಿತೋ ಏನೋ, ಚಪ್ಪಲಿ ಕೈಗೆತ್ತಿಕೊಂಡು ಒಂದೇ ನೆಗೆತಕ್ಕೆ ಹಲಗೆ ಏರಿದರು. ಬೈಯುವುದೆಂದರೆ ಮತ್ತೆ ನೀರಿಗಿಳಿಯಬೇಕು. ಹಾಗಾಗಿ ಬೈಗುಳ ಅಲ್ಲಿಗೇ ನಿಂತಿತು.

ಮೇಷ್ಟ್ರ ದವಡೆ ವಾಸಿಯಾದ ಮೇಲೆ ಒಂದು ದಿನ ಮೇಸ್ತ್ರಿ ಮರಳು ತುಂಬಿಕೊಂಡು ಹೋಗಲು ಗಾಡಿ ತಂದ. ಮೇಷ್ಟ್ರು ಅಡ್ಡ ನಿಂತರು.

"ಇದನ್ನಿಟ್ಕೊಂಡು ಏನ್ಮಾಡ್ತೀರ ಸಾರ್?"

"ನಾನೂ ಎಲ್ಲಾದ್ರೂ ಇರ್ಬೇಕಲ್ಲಪ್ಪ!"

ಮೇಸ್ತ್ರಿ ತಲೆ ಕೆರೆದುಕೊಂಡು ಹೆಡ್‌ಮೇಡಂ ಕಡೆ ನೋಡಿದ. ಅವರು, "ಬಿಟ್ಬಿಡಿ, ನದಿ ಸಾಗಿಸೋಕಾಗುತ್ತಾ?" ಅಂದರು. ಅಂದಿನಿಂದ ಅರ್ಧ ಪೀರಿಯಡ್ಡು ಕವಾಯತು, ಉಳಿದರ್ಧ ಮಕ್ಕಳಿಗೇ ಬಿಟ್ಟದ್ದು ಎಂದಾಯಿತು. ಆ ವರ್ಷ ಕವಾಯತಿನ ಸ್ಪರ್ಧೆಯಲ್ಲಿ ಶಾಲೆ ಕಟ್ಟಕಡೆಗೆ ನಿಂತಿತು. ಮಕ್ಕಳ್ಯಾರಿಗೂ ಅದರ ಗೊಡವೆಯೇ ಇರಲಿಲ್ಲ.

ಕೆಲವು ದಿನಗಳಲ್ಲಿ ಹೊಟ್ಟೆನೋವಿನ ತಾಯಿ ದೂರು ಹೊತ್ತು ಬಂದರು. "ಮೊದಲು ಸ್ಕೂಲಿಗೆ ಹೋಗಲ್ಲ ಅಂತ ಅಳ್ತಿದ್ಲು. ಈಗ ಮನೆಗೆ ಬರಲ್ಲ ಅಂತ ಅಳ್ತಾಳೆ. ಇದಕ್ಕೇನು ಮದ್ದು ಮೇಷ್ಟ್ರೇ?"

ಮೇಷ್ಟ್ರು ಅಂಗಿಯ ಮರಳು ಕೊಡವಿಕೊಳ್ಳುತ್ತ ಅಂದರು: "ಗೊತ್ತಾದ್ರೆ ನಮ್ಮನೆಯವಳಿಗೂ ಹೇಳಿ ತಾಯಿ. ನನ್ನ ಮೇಲೆ ಅವಳದೂ ಇದೇ ದೂರು."