ಪಿಳ್ಳಮ್ಮತ್ತೆ ಉಳಿಸಿದ ಮೈದಾನ

ಮೈದಾನ ಉಳಿದದ್ದು ನಮ್ಮ ತಾತನ ದೊಡ್ಡ ಮನಸ್ಸಿನಿಂದಲ್ಲ. ನಮ್ಮ ಪಿಳ್ಳಮ್ಮತ್ತೆ ಒಲೆ ಹಚ್ಚಲಿಲ್ಲ, ಅದಕ್ಕೇ ಉಳಿಯಿತು. ನಡೆದದ್ದು ಇಷ್ಟೇ. ಮೊನ್ನೆ ಶಿಡ್ಲಘಟ್ಟದಲ್ಲಿ ಕೆರೆಕೋಡಿ ಕ್ಲಬ್ಬಿನವರು ಹೊಸ ಕಟ್ಟಡ ತೆರೆದ ದಿನ ನನ್ನನ್ನು ಕರೆದುಕೊಂಡು ಹೋಗಿ ವೇದಿಕೆಯ ಮೇಲೆ ಕೂರಿಸಿದರು, ಶಾಲು ಹೊದಿಸಿದರು. ಭಾಷಣ ಮಾಡಿದವರು ನಮ್ಮ ತಾತ ಆಟದ ಮೇಲಿನ ಪ್ರೀತಿಗೆ ಬಂಗಾರದಂಥ ಹೊಲವನ್ನೇ ಬಿಟ್ಟುಕೊಟ್ಟರೆಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಜ ಹೇಳಿಬಿಡುತ್ತಿದ್ದೆ. ಆದರೆ ನನ್ನ ಕೈಗೆ ಮೈಕು ಕೊಡಲಿಲ್ಲ, ಚೆಂಡು ಕೊಟ್ಟರು, ಫೋಟೋ ತೆಗೆಯುವುದಕ್ಕೆ.

ಅದು ರಗ್ಬಿ ಚೆಂಡು. ನನ್ನ ಮೊಮ್ಮಗಳು ಚೈತ್ರ ಆಡುವ ಆಟ. ಈಗ ಕ್ಲಬ್ಬಿನಲ್ಲಿ ಫುಟ್‌ಬಾಲ್ ತಂಡವೂ ಇದೆ, ರಗ್ಬಿ ತಂಡವೂ ಇದೆ, ಹೆಣ್ಣುಮಕ್ಕಳೂ ಮಣ್ಣಿನಲ್ಲಿ ಬಿದ್ದು ಹೊರಳಾಡುತ್ತಾರೆ. ಆ ಚೆಂಡು ದುಂಡಗಿಲ್ಲ. ಎರಡು ತುದಿ ಸಣ್ಣ, ನಡು ದಪ್ಪ. ಮಡಿಲಲ್ಲಿಟ್ಟುಕೊಂಡು ನೋಡಿದರೆ ದೊಡ್ಡದೊಂದು ರೇಷ್ಮೆ ಗೂಡು. ಬೆರಳಿನಿಂದ ಸವರಿದೆ. ಅಷ್ಟಕ್ಕೇ ಬಿಸಿನೀರಲ್ಲಿ ಗೂಡು ಬೇಯುವ ವಾಸನೆ ಮೂಗಿಗೆ ಬಂದುಬಿಟ್ಟಿತು. ಅದು ಒಳ್ಳೆಯ ವಾಸನೆ ಎಂದು ನಾನು ಹೇಳುವುದಿಲ್ಲ. ಒಳಗಿನ ಹುಳ ಬೆಂದ ವಾಸನೆ. ಹೊಸಬರು ನಮ್ಮ ಬೀದಿಗೆ ಬಂದರೆ ಮೂಗು ಮುಚ್ಚಿಕೊಂಡೇ ಹೋಗುತ್ತಿದ್ದರು. ನಮಗೆ ಅದು ಅನ್ನದ ವಾಸನೆ.

ನಾನು ಹುಟ್ಟಿ ಬೆಳೆದ ಮನೆ ರೇಷ್ಮೆ ನೂಲು ತೆಗೆಯುವ ಮನೆ. ಮುಂದೆ ವಾಸ, ಹಿಂದೆ ಹೆಂಚಿನ ಕೊಟ್ಟಿಗೆ, ಅದರಲ್ಲಿ ಒಲೆಗಳು, ಒಲೆಯ ಮೇಲೆ ಕುದಿಯುವ ನೀರಿನ ಬೋಗುಣಿಗಳು, ಪಕ್ಕದಲ್ಲಿ ನೂಲು ಸುತ್ತುವ ಚರಕ. ಪಿಳ್ಳಮ್ಮತ್ತೆ ನಮ್ಮಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ಬಂದ ದಿನದಿಂದ ಮೊದಲನೇ ಒಲೆ ಅವಳದ್ದೇ. ಕುದಿನೀರಿಗೆ ಕೈ ಹಾಕಿ ಗೂಡಿನ ಎಳೆಯ ತುದಿ ಹುಡುಕಿ ಕೊಡುವುದು ಅವಳ ಕೆಲಸ, ಚರಕ ತಿರುಗಿಸುವುದು ನಮ್ಮ ಬೀದಿಯ ಖಾದರ್ ಮಾಮನ ಕೆಲಸ. ಅವಳ ಬೆರಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಆ ಬೆರಳಲ್ಲಿ ನನ್ನ ಗಲ್ಲ ಹಿಂಡಿದರೆ ತಣ್ಣಗಿರುತ್ತಿತ್ತು, ಯಾಕೋ ಗೊತ್ತಿಲ್ಲ.

ಅವಳ ಒಲೆಯ ಎದುರಿಗೊಂದು ಕಿಟಕಿ. ಕಿಟಕಿಯಾಚೆ ತಾತನ ಖಾಲಿ ಹೊಲ. ಅಲ್ಲೇ ನಮ್ಮ ಬೀದಿಯ ಹುಡುಗರು ಸಾಯಂಕಾಲ ಫುಟ್‌ಬಾಲ್ ಆಡುತ್ತಿದ್ದರು. ಕೆರೆಕೋಡಿ ಕ್ಲಬ್ಬೆಂದರೆ ಆಗ ಒಂದು ಚೆಂಡು, ಗೋಲಿಗೆ ನಾಲ್ಕು ಬಿದಿರು, ನಮ್ಮ ಜಗಲಿ, ಅಷ್ಟೇ. ಖಾದರ್ ಮಾಮ ಚರಕ ಬಿಟ್ಟೊಡನೆ ಓಡಿಹೋಗಿ ಗೋಲು ಕಾಯುತ್ತಿದ್ದ. ಅತ್ತೆ ಕೈ ನೀರಲ್ಲಿಟ್ಟುಕೊಂಡು ಕಣ್ಣು ಕಿಟಕಿಯಲ್ಲಿಟ್ಟುಕೊಂಡು ಆಟ ನೋಡುತ್ತಿದ್ದಳು. ಸಿನಿಮಾ ಇಲ್ಲ, ಜಾತ್ರೆ ಇಲ್ಲ, ಮದುವೆ ಮನೆಗೆ ಅವಳನ್ನು ಕರೆಯುತ್ತಿರಲಿಲ್ಲ. ಅವಳಿಗಿದ್ದದ್ದು ಆ ಕಿಟಕಿ ಒಂದೇ. ಆಟ ಮುಗಿದ ಮೇಲೆ ಹುಡುಗರು ಕೊಟ್ಟಿಗೆಗೆ ಬಂದು ಸಾಲಾಗಿ ಕೂರುತ್ತಿದ್ದರು. ಒಲೆ ಆರಿದರೂ ಬೋಗುಣಿಯ ನೀರು ಬೆಚ್ಚಗಿರುತ್ತಿತ್ತಲ್ಲ, ಅದನ್ನು ಬಕೆಟ್ಟಿಗೆ ಬಗ್ಗಿಸಿ ಅತ್ತೆ ಅವರ ಕಾಲು ಅದ್ದಿಸುತ್ತಿದ್ದಳು. ಹುಳದ ಜಿಡ್ಡಿನ ನೀರು ಉಳುಕಿಗೆ ಒಳ್ಳೆಯದೆಂದು ಅವಳ ನಂಬಿಕೆ. ಕಾಲು ಅದ್ದಿಸುತ್ತಾ ಯಾರು ಎಲ್ಲಿ ತಪ್ಪು ಒದ್ದರೆಂದು ಒಬ್ಬೊಬ್ಬರಿಗೂ ಬೈಯುತ್ತಿದ್ದಳು. ಅವರು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರು.

ಚಿಂತಾಮಣಿಯ ತಂಡದವರು ಆಡಲು ಬರುತ್ತಾರೆ ಎಂದಾಗ ತಾತನಿಗೆ ದೊಡ್ಡಸ್ತಿಕೆ ಹತ್ತಿತು. ರೇಷ್ಮೆಯವರ ಊರು, ಹುಡುಗರು ಹರಕಲು ಬನೀನಿನಲ್ಲಿ ಆಡುವುದೇ ಎಂದು ನಮ್ಮದೇ ನೂಲಿನಿಂದ ಬಟ್ಟೆ ನೇಯಿಸಿ ಎಲ್ಲರಿಗೂ ರೇಷ್ಮೆ ಅಂಗಿ ಹೊಲಿಸಿಬಿಟ್ಟ. ಹಳದಿ ಅಂಗಿ, ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಭೂಮಿಯ ಮೇಲೆ ಇಂಥ ಕೆಲಸ ಮಾಡುವವರು ನಮ್ಮೂರಿನವರನ್ನು ಬಿಟ್ಟರೆ ಇನ್ನಾರೂ ಇರಲಾರರು. ಜೊತೆಗೊಂದು ಮಾತೂ ಆಡಿದ. ಗೆದ್ದರೆ ಹೊಲ ನಿಮ್ಮದು, ಆಡಿಕೊಳ್ಳಿ. ಸೋತರೆ ಹಿಪ್ಪುನೇರಳೆ ನೆಡುತ್ತೇನೆ.

ಚಿಂತಾಮಣಿಯವರು ಬಂದು ನೋಡಿದವರೇ ನಕ್ಕರು. "ಏನ್ರಪ್ಪೋ, ಮದ್ವೆ ಗಂಡುಗಳೆಲ್ಲಾ ಬಂದವ್ರೆ, ಹೆಣ್ಣೆಲ್ಲಿ?" ಎಂದು ಒಬ್ಬ ಕೂಗಿದ. ನಾನು ಅತ್ತೆಯ ಪಕ್ಕದಲ್ಲಿ ಗೂಡಿನ ಬುಟ್ಟಿ ಬೋರಲು ಹಾಕಿಕೊಂಡು ಅದರ ಮೇಲೆ ನಿಂತು ನೋಡುತ್ತಿದ್ದೆ. ಬೆವರಿಗೆ ರೇಷ್ಮೆ ಮೈಗೆ ಅಂಟಿಕೊಂಡು ನಮ್ಮವರಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ. ಆದರೂ ಕೊನೆಯವರೆಗೆ ಸರಿಸಮ ಆಡಿದರು. ಕೊನೆಗೆ ಒಂದು ಚೆಂಡು ನೇರ ಖಾದರ್ ಮಾಮನ ಎದೆಗೆ ಬಂತು. ಅವನು ಎರಡೂ ಕೈಯಿಂದ ಮಗುವನ್ನು ಅಪ್ಪಿಕೊಂಡಂತೆ ಅಪ್ಪಿಕೊಂಡ. ಒದ್ದೆ ರೇಷ್ಮೆಯ ಮೇಲೆ ಚೆಂಡು ಸೊಯ್ಯನೆ ಜಾರಿ, ಕಂಕುಳ ಕೆಳಗೆ ತೂರಿ, ಹಿಂದಕ್ಕೆ ಬಿದ್ದು ಉರುಳಿಕೊಂಡು ಗೋಲಿನೊಳಕ್ಕೆ ಹೋಯಿತು. ಅತ್ತೆಯ ಕೈಯಲ್ಲಿದ್ದ ಎಳೆ ತುಂಡಾಯಿತು.

ಆ ಸಾಯಂಕಾಲ ಯಾರೂ ಕಾಲು ಅದ್ದಲು ಬರಲಿಲ್ಲ. ತಾತ ಕೊಟ್ಟಿಗೆಗೆ ಬಂದು, ನಾಳೆ ನೇಗಿಲು ಕಟ್ಟಿಸುತ್ತೇನೆ, ಕೈಲಾಗದ ಹುಡುಗರಿಗೆ ಹೊಲ ಯಾಕೆ ಎಂದ. ಮನೆಯಲ್ಲಿ ತಾತನಿಗೆ ಎದುರು ಮಾತು ಯಾರೂ ಆಡುತ್ತಿರಲಿಲ್ಲ. ಅತ್ತೆ ಬೋಗುಣಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಜಾರಿದ್ದು ನಿನ್ನ ರೇಷ್ಮೆ ಕಣಪ್ಪ, ಖಾದರ್ ಕೈ ಅಲ್ಲ."

"ಹೆಂಗಸ್ರಿಗೆ ಚೆಂಡಿನ್ ವಿಷ್ಯ ಏನಮ್ಮಾ ಗೊತ್ತು?"

"ಹಂಗಾದ್ರೆ ನೂಲಿನ್ ವಿಷ್ಯಾನೂ ಗೊತ್ತಿಲ್ಲ ಬಿಡು," ಎಂದು ಎದ್ದುಹೋದಳು.

ಮಾರನೆಯ ದಿನ ಅವಳ ಒಲೆ ಹತ್ತಲಿಲ್ಲ. ಅವಳದು ಹತ್ತದಿದ್ದರೆ ಉಳಿದ ಒಲೆಗಳ ಹೆಂಗಸರೂ ಕೂರುವುದಿಲ್ಲ, ಖಾದರ್ ಮಾಮನೂ ಬರಲಿಲ್ಲ. ಕೊಟ್ಟಿಗೆಯ ತುಂಬ ಸಂತೆಯಿಂದ ತಂದ ಗೂಡು. ಗೂಡು ತಂದವರು ಸುಮ್ಮನೆ ಕೂರುವಂತಿಲ್ಲ. ಬೇಗ ಬೇಯಿಸದಿದ್ದರೆ ಒಳಗಿನ ಹುಳ ಚಿಟ್ಟೆಯಾಗಿ ಕೊರೆದುಕೊಂಡು ಆಚೆ ಬರುತ್ತದೆ, ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ. ತಾತ ತಾನೇ ಒಲೆ ಹಚ್ಚಿ, ತಾನೇ ನೀರಿಗೆ ಕೈ ಹಾಕಿ, ಬೆರಳು ಸುಟ್ಟುಕೊಂಡು, ತೆಲುಗಿನಲ್ಲಿ ಬೈದುಕೊಂಡ. ಕೋಪ ಬಂದರೆ ಅವನಿಗೆ ತೆಲುಗೇ ಬರುತ್ತಿದ್ದದ್ದು. ಅತ್ತೆ ಜಗಲಿಯಲ್ಲಿ ಕುಳಿತು ನನ್ನ ತಲೆ ಬಾಚುತ್ತಿದ್ದಳು. ನೇಗಿಲಿನವನು ಬಂದು ಕೇಳಿದಾಗಲೆಲ್ಲ ತಾತ ನಾಳೆ ಬಾ ಎನ್ನುತ್ತಿದ್ದ, ತಾತನ ಗಮನವೆಲ್ಲ ಗೂಡಿನ ಮೇಲೆ. ಹೀಗೇ ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ತಾತ ಊಟಕ್ಕೆ ಕುಳಿತಿದ್ದಾಗ ಬಿಳಿಯ ಚಿಟ್ಟೆಯೊಂದು ತೆವಳಿಕೊಂಡು ಬಂದು ಅವನ ಮುದ್ದೆ ತಟ್ಟೆಯ ಅಂಚಿನ ಮೇಲೆ ಕುಳಿತು ರೆಕ್ಕೆ ಪಟಪಟ ಬಡಿಯಿತು. ತಾತ ಅದನ್ನು ನೋಡಿದ. ಅತ್ತೆಯನ್ನು ನೋಡಿದ. "ಹೋಗಮ್ಮ, ಒಲೆ ಹಚ್ಚೋಗು. ಆಡ್ಕೊಳ್ಳಿ ನನ್ಮಕ್ಳು," ಎಂದ. ಇದೇ ದೊಡ್ಡ ಮನಸ್ಸು.

ಮೈದಾನ ಉಳಿದ ಮೇಲೆ ಖಾದರ್ ಮಾಮ ಕಿಟಕಿಯ ಹತ್ತಿರ ಬಂದು, "ಅಕ್ಕ, ಒಂದ್ಸಲ ಆಚೆ ಬಂದು ನೀವೇ ಒದೀರಕ್ಕ," ಎಂದ. "ನಂಗೆ ಕಿಟ್ಕಿ ಸಾಕು, ಹೋಗೋ," ಎಂದಳು. ಅವಳು ಆಚೆ ಹೋಗಲಿಲ್ಲ. ಸಾಯುವವರೆಗೂ ಆ ಮೈದಾನದ ಮೇಲೆ ಅವಳು ಹೆಜ್ಜೆ ಇಡಲಿಲ್ಲ. ಈಗ ಆ ಮನೆ ಇಲ್ಲ, ಕೊಟ್ಟಿಗೆ ಇಲ್ಲ, ಖಾದರ್ ಮಾಮನೂ ಇಲ್ಲ. ಅವಳ ಒಲೆ ಇದ್ದ ಜಾಗದಲ್ಲಿ ಕ್ಲಬ್ಬಿನ ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆ ಕಟ್ಟಿದ್ದಾರೆ. ಅದಕ್ಕೆ ಮೈದಾನದ ಕಡೆ ಬಾಗಿಲಿದೆ, ಕಿಟಕಿಯಲ್ಲ. ಅದನ್ನು ನೋಡಿದಾಗ ನನಗೆ ಅಳು ಬರಲಿಲ್ಲ. ಒಳ್ಳೆಯದಾಯಿತು ಎನ್ನಿಸಿತು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆದರೆ ದೊಡ್ಡವರ ಎದುರು ಕೂಗಾಡದೆ ಅವರ ಕೆಲಸ ಕೆಡಿಸುವುದು ಹೇಗೆಂದು ಕಲಿತದ್ದು ಆ ಒಲೆಯ ಮುಂದೆ. ಅದು ನನ್ನ ಸಂಸಾರವನ್ನು ಎಷ್ಟು ಸಲ ಕಾಪಾಡಿತೋ ನನಗೆ ಗೊತ್ತು.

ಸಮಾರಂಭದ ಮಾರನೆಯ ಬೆಳಿಗ್ಗೆ ನಾನು ಬೇಗ ಎದ್ದು ಹಿತ್ತಲಲ್ಲಿ ದೊಡ್ಡ ಹಂಡೆಯ ತುಂಬ ನೀರು ಕಾಯಿಸಿದೆ. ಚೈತ್ರ ಪ್ರಾಕ್ಟೀಸು ಮುಗಿಸಿ ಜೊತೆಯ ಹುಡುಗಿಯರೊಂದಿಗೆ ಕುಂಟುತ್ತಾ ಬಂದಳು. ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ, ಮಣ್ಣಾದ ಸಾಕ್ಸು ಬಿಚ್ಚಿಸಿ, ಬಕೆಟ್ಟುಗಳಲ್ಲಿ ಕಾಲು ಅದ್ದಿಸಿದೆ. "ಏನಜ್ಜಿ ಇದು?" ಎಂದಳು ಚೈತ್ರ. ಪಿಳ್ಳಮ್ಮತ್ತೆಯದು ಎಂದೆ, ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಒಬ್ಬಳೂ ಕಾಲು ಎತ್ತಲಿಲ್ಲ. ನೀರಿಗೆ ಹುಳದ ವಾಸನೆ ಇರಲಿಲ್ಲ, ಅದೊಂದು ಕೊರತೆ. ನೀರು ಆರಿದ ಮೇಲೆ ಅದನ್ನು ಕರಿಬೇವಿನ ಗಿಡಕ್ಕೆ ಸುರಿದೆ.