ಬಾಣ ಎಲ್ಲಿದೆ, ಕಾಕು?

ದಸರೆಗಂತ ಮನೆ ಒರೆಸುವಾಗ ಅಟ್ಟದ ಮೇಲಿಂದ ಸೀರೆ ಡಬ್ಬಿಯ ರಟ್ಟೊಂದು ನನ್ನ ಹೆಗಲ ಮೇಲೆ ಬಿತ್ತು. ಎತ್ತಿ ಕಸದ ಬುಟ್ಟಿಗೆ ಹಾಕಬೇಕಂದವಳು ಹಾಗೇ ನಿಂತುಬಿಟ್ಟೆ. ರಟ್ಟಿನ ನಡುವೆ ಕತ್ತರಿಯಿಂದ ಕೊರೆದ ಒಂದು ಉದ್ದನೆಯ ಕಿಂಡಿ ಇತ್ತು, ಫೋನಿನಷ್ಟೇ ಅಳತೆ. ಕೊರೆದದ್ದು ನಮ್ಮ ಮೇಲಿನ ಮನೆಯಾಕೆ...

ನಾವು ಬೀದರ ಕಡೆಯವರು. ಯಜಮಾನರದು ಹೈದರಾಬಾದಿನ ಕೋಠಿಯಲ್ಲಿ ಸಣ್ಣ ಬಟ್ಟೆ ಅಂಗಡಿ, ಮನೆ ದಿಲ್‌ಸುಖ್‌ನಗರದಲ್ಲಿ. ಕೆಳಗೆ ನಾವು, ಮೇಲೆ ಒಂದೇ ಒಂದು ಕೋಣೆ. ಆ ಕೋಣೆಗೆ ಬಾಡಿಗೆ ಬಂದವಳು ಆಕೆ. ಊರು ಮೈಸೂರು, ವಯಸ್ಸು ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ತಂದೆತಾಯಿ ತೀರಿಹೋಗಿದ್ದರು, ಊರಲ್ಲಿ ಒಬ್ಬ ಅಣ್ಣ ಇದ್ದ. ಬಂದ ದಿನ ನನ್ನನ್ನು ಆಂಟಿ ಅಂದಳು. "ಆಂಟಿ ಅನ್ನಬ್ಯಾಡವಾ, ಅಂಗಡಿಯಾಗ ಗಿರಾಕಿನ ಕರದಂಗ ಆಕ್ಕೈತಿ. ಕಾಕು ಅನ್ನು, ನಮ್ಮ ಕಡೆ ಚಿಕ್ಕಮ್ಮಗ ಹಂಗ ಅಂತಾರ" ಅಂದೆ. ಅವತ್ತಿನಿಂದ ಕಾಕು ಆದೆ. ಹೊಟ್ಟೆಯಲ್ಲಿ ಹುಟ್ಟದ ಒಂದು ಜೀವ ಹಾಗೆ ಕರೆಯೋದೂ ಒಂದು ಪುಣ್ಯವೇ.

ಆಕೆಯ ಕೆಲಸ ವೆಬ್‌ಸೈಟಿನ ಪುಟ ಜೋಡಿಸೋದು. ಕಂಪನಿ ಕೂಕಟ್‌ಪಲ್ಲಿ ಕಡೆ ಇತ್ತು, ಕೆಲಸ ಮಾತ್ರ ಮನೆಯಿಂದಲೇ. ಒಂದು ಮಧ್ಯಾಹ್ನ ಕೆಳಗಿಳಿದು ಬಂದು ನನ್ನ ಫೋನ್ ಕೇಳಿದಳು. ನನ್ನದು ಸಣ್ಣ ಫೋನು, ಅದರಲ್ಲೂ ನನ್ನ ಮಗಳು ಅಕ್ಷರ ದೊಡ್ಡದು ಮಾಡಿಟ್ಟು ಹೋಗಿದ್ದಳು.

"ಇದರಲ್ಲಿ ಸರಿಯಾಗಿ ಕಂಡ್ರೆ ಎಲ್ಲರ ಫೋನಲ್ಲೂ ಕಾಣತ್ತೆ, ಕಾಕು."

"ಅಂದ್ರ ನಂದು ಭಾಳ ಕೆಟ್ಟ ಫೋನು ಅಂದಂಗಾತು."

"ಕೆಟ್ಟದು ಅಲ್ಲ, ಪರೀಕ್ಷೆ ಮಾಡೋಕೆ ಒಳ್ಳೇದು."

"ಹೆಣ್ಣು ನೋಡಾಕ ಬಂದ ಬೀಗರು ಆಡೋ ಮಾತಿದು" ಅಂದೆ. ಆಕೆ ನಗುತ್ತ ಅಡುಗೆಮನೆಯ ನೆಲದ ಮೇಲೇ ಕೂತಳು.

ಅವತ್ತೇ ಸೀರೆ ಡಬ್ಬಿ ಇಸಿದುಕೊಂಡು ಆ ಕಿಂಡಿ ಕೊರೆದದ್ದು. ಲ್ಯಾಪ್‌ಟಾಪಿನ ಮೇಲೆ ರಟ್ಟು ಹಿಡಿದು, ಅಗಲದ ಪುಟವನ್ನು ಹಾಗೇ ಫೋನಿಗೆ ತಂದರೆ ಏನೇನು ಹೊರಗುಳಿಯುತ್ತದೆ ಅಂತ ತೋರಿಸಿದಳು. ದೊಡ್ಡ ಪರದೆಯಲ್ಲಿ ಮೂರು ಚೌಕ ಅಕ್ಕಪಕ್ಕ ಕೂಡುತ್ತವಂತೆ. ಟ್ಯಾಬಿಗೆ ಬಂದರೆ ಎರಡು ಮೇಲೆ, ಒಂದು ಕೆಳಗೆ. ಫೋನಿಗೆ ಬಂದರೆ ಒಂದರ ಕೆಳಗೊಂದು. ಯಾವುದನ್ನು ಮೊದಲು ಇಡಬೇಕು, ಯಾವುದನ್ನು ಮಡಚಿ ಒಳಗೆ ಸೇರಿಸಬೇಕು ಅನ್ನೋದೇ ಆಕೆಯ ದಿನದ ತಲೆನೋವು. ನನಗೆ ನಾವು ಬೀದರದ ದೊಡ್ಡ ಮನೆ ಬಿಟ್ಟು ಇಲ್ಲಿ ಎರಡು ಖೋಲಿಗೆ ಬಂದದ್ದು ನೆನಪಾಯಿತು. "ಜಾಗ ಸಣ್ಣದಾತಂದ್ರ ಮಂಚ ಗ್ವಾಡಿಗೆ ನಿಲ್ಲಸ್ತೀವಿ. ದೇವರ ಜಗಲಿ ಹೊರಗ ಹಾಕಾಕ ಆಗತೈತೇನು?" ಅಂದೆ. ಅದು ಆಕೆಗೆ ಭಾಳ ಹಿಡಿಸಿತು. ಮುಂದೆ ಹೊಸ ಪುಟ ಮಾಡಿದಾಗೆಲ್ಲ, "ಕಾಕು, ಇದು ಮಂಚಾನೋ ಜಗಲಿನೋ?" ಅಂತ ಕೇಳೋಳು.

ಒಂದಿಷ್ಟು ಗುರುತುಗಳು ಮೊದಲೇ ಕಾಣುತ್ತಿದ್ದವು. ಪಕ್ಕದಲ್ಲಿಟ್ಟ ಚಹದ ಕಪ್ಪಿಗೆ ಕೈ ತಾಗಿಸಿ ಉರುಳಿಸೋಳು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳೋಳು. ನನ್ನ ಜೊತೆ ತರಕಾರಿಗೆ ಬಂದಾಗ ಒಂದು ಆಟೋ ಆಕೆಯ ದುಪಟ್ಟಾ ಸವರಿಕೊಂಡೇ ಹೋಯಿತು. ಆಕೆಗೆ ಅದು ಬಂದದ್ದೇ ತಿಳಿದಿರಲಿಲ್ಲ. ಯಾರ ಕಣ್ಣು ತಾಗಿತೋ ಅಂದುಕೊಂಡು ಮನೆಗೆ ಬಂದವಳೇ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಆಕೆ ಸುಮ್ಮನೆ ನಿಂತು ನಿವಾಳಿಸಿಕೊಂಡಳು. ಆಮೇಲೆ ಆ ರಟ್ಟನ್ನು ತಂದು ನನ್ನ ಮುಖಕ್ಕೆ ಹಿಡಿದಳು.

"ಇದರೊಳಗಿಂದ ನೋಡಿ. ಪಕ್ಕದಲ್ಲಿ ಇರೋದು ಕಾಣತ್ತಾ?"

"ಇಲ್ಲವಾ."

"ನಾನು ನೋಡೋದು ಹೀಗೇ, ಕಾಕು. ಹೋಗ್ತಾ ಹೋಗ್ತಾ ಕಿಂಡಿ ಇನ್ನೂ ಸಣ್ಣದಾಗತ್ತಂತೆ. ಡಾಕ್ಟರು ಔಷಧಿ ಇಲ್ಲ ಅಂದ್ರು."

"ವಿಠ್ಠಲಾ" ಅಂದೆ. ಆಕೆಯೇ ಮುಂದುವರಿಸಿದಳು. "ಆಫೀಸಿಗೆ ಗೊತ್ತಾದ್ರೆ ಕೆಲಸ ಇರಲ್ಲ. ಕೆಲಸ ಹೋದ್ರೆ ಈ ಕೋಣೆ ಇರಲ್ಲ, ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ನಾನು ಹಳೇ ಹೊಲಿಗೆ ಮಿಷನ್ ಇದ್ದ ಹಾಗೆ. ಯಾರೂ ಎಸೆಯಲ್ಲ, ಯಾರೂ ಮುಟ್ಟೋದೂ ಇಲ್ಲ. ಇರೋಷ್ಟು ದಿನ ನನ್ನ ಊಟ ನಾನೇ ದುಡಿದು ತಿನ್ನಬೇಕು ಅಷ್ಟೇ."

ಫೋನು, ಟ್ಯಾಬು ಆಕೆಗೆ ತೊಂದರೆ ಕೊಡುತ್ತಿರಲಿಲ್ಲ, ಇದ್ದಷ್ಟು ನೋಟದಲ್ಲಿ ಪೂರ್ತಿ ಹಿಡಿಯುತ್ತಿದ್ದವು. ದೊಡ್ಡ ಪರದೆಯೇ ವೈರಿ. ಒಬ್ಬಳೇ ಇದ್ದಾಗ ನಿಧಾನಕ್ಕೆ ಮೂಲೆಮೂಲೆ ಹುಡುಕಿಕೊಂಡು ಕೆಲಸ ಮುಗಿಸೋಳು, ಕೆಲಸದಲ್ಲಿ ಎಂದೂ ಹೆಸರು ಕೆಡಿಸಿಕೊಂಡವಳಲ್ಲ. ಕಷ್ಟವೆಲ್ಲ ವಾರಕ್ಕೊಮ್ಮೆ ವಿಡಿಯೋದಲ್ಲಿ ನಡೆಯೋ ಮೀಟಿಂಗಿನದು. ಅಲ್ಲಿ ಆಫೀಸಿನವರು ಪುಟದ ಮೇಲೆ ಬಾಣದ ಗುರುತು ಓಡಿಸುತ್ತ, ಇದನ್ನ ಸರಿಸು, ಅದನ್ನ ಸಣ್ಣದು ಮಾಡು ಅನ್ನುತ್ತಿದ್ದರು. ಬಾಣ ಎಲ್ಲಿಗೆ ಹಾರಿತು ಅನ್ನೋದೇ ಆಕೆಗೆ ಸಿಗುತ್ತಿರಲಿಲ್ಲ.

ಹಾಗಾಗಿ ನಾನು ಕೂಡತೊಡಗಿದೆ. ಕ್ಯಾಮೆರಾಕ್ಕೆ ಬೀಳದ ಹಾಗೆ ಆಕೆಯ ಪಕ್ಕದಲ್ಲಿ, ಕೈಯಲ್ಲಿ ತುಳಸಿ ಮಾಲೆ ಹಿಡಿದು. ಆಕೆ ಮೈಕಿಗೆ ಕೈ ಅಡ್ಡ ಹಿಡಿದು, "ಬಾಣ ಎಲ್ಲಿದೆ, ಕಾಕು?" ಅಂತ ಪಿಸುಗುಟ್ಟೋಳು. ಜಪ ಮಾಡುವವಳ ರಾಗದಲ್ಲಿ ನಾನು ಶುರುಮಾಡುತ್ತಿದ್ದೆ: "ವಿಠ್ಠಲಾ ವಿಠ್ಠಲಾ... ಬಲಕ್ಕ ಮ್ಯಾಲೆ... ಹಸಿರು ಪಟ್ಟಿ ತುದೀಗೆ... ಪಾಂಡುರಂಗಾ... ಈಗ ಕೆಳಗಿಳದೈತಿ ನೋಡು... ಚಿತ್ರದ ಎಡಕ್ಕ..." ಕೇಳಿಸಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲಿದ್ದವರೆಲ್ಲ ತೆಲುಗು, ಹಿಂದಿಯವರು. ಆಕೆಯ ಸಾಹೇಬರು ಒಮ್ಮೆ, "ಆಂಟೀ ಕಾ ಪೂಜಾ ಚಲ್‌ರಾ ಕ್ಯಾ?" ಅಂತ ಕೇಳಿದರು. "ಹೌ ಸರ್, ಏಕಾದಶಿ" ಅಂದುಬಿಟ್ಟಳು ಈಕೆ. ಮರುವಾರವೂ ಏಕಾದಶಿ. ಅದರ ಮರುವಾರವೂ.

"ಸುಳ್ಳು ಏಕಾದಶಿ ಮಾಡಸ್ತೀಯಲ್ಲ ಯವ್ವಾ" ಅಂದೆ. ದೇವರ ಹೆಸರಿಗೆ ಸುಳ್ಳು ಅಂಟಬಾರದಂತ ಮೀಟಿಂಗಿನ ದಿನ ಖರೇನ ಉಪವಾಸ ಹಿಡಿದೆ. ಅವಲಕ್ಕಿಯನ್ನೂ ಮುಟ್ಟುತ್ತಿರಲಿಲ್ಲ, ಶೇಂಗಾ, ಬಾಳೆಹಣ್ಣು ಅಷ್ಟೇ. ಯಜಮಾನರು ಊಟಕ್ಕೆ ಕೂತು, "ನಿನ್ನ ವಿಠ್ಠಲನೂ ಈಗ ಕಂಪನಿ ನೌಕರಿಗೆ ಹತ್ತ್ಯಾನೇನು?" ಅಂತ ಕಾಡಿಸೋರು. ಕಾಡಿಸಿದರೂ ಬ್ಯಾಡ ಅನ್ನಲಿಲ್ಲ. ಎರಡು ಬೇಸಿಗೆ ಹಾಗೇ ಸಾಗಿದವು. ಆಕೆಯ ನೋಟ ಸಣ್ಣದಾಗುತ್ತಲೇ ಇತ್ತು, ನನ್ನ ಮಾತು ಉದ್ದವಾಗುತ್ತಲೇ ಇತ್ತು...

ಆ ದಿನದ ಪುಟ ಯಾವುದೋ ಔಷಧಿ ಅಂಗಡಿಯದು. ಆಕೆ ಜೀವ ತೇದು ಮಾಡಿದ ಕೆಲಸ. ಮೀಟಿಂಗಿನಲ್ಲಿ ಒಂದು ಹೊಸ ಮುಖ ಇತ್ತು, ಎಳೇ ಹುಡುಗಿ, ಅದೇ ವಾರ ಕೆಲಸಕ್ಕೆ ಸೇರಿದ್ದವಳು. ಸಾಹೇಬರು ಬಾಣ ಓಡಿಸಿದರು. ನಾನು ಮಾಲೆ ತಿರುವಿದೆ. "ವಿಠ್ಠಲಾ... ಬಲಕ್ಕ, ಕೆಂಪು ಗುಂಡಿ... ಅದಲ್ಲವಾ, ಇನ್ನೂ ಬಲಕ್ಕ... ಹಾಂ, ಅಲ್ಲೇ ಐತಿ..."

"ಅಯ್ಯೋ, ಕನ್ನಡ!" ಅಂತ ಆ ಹುಡುಗಿ ಕೂಗಿದಳು. ಬೆಂಗಳೂರಿನವಳಂತೆ. ಹೈದರಾಬಾದಿಗೆ ಬಂದ ಮೇಲೆ ಮನೆಮಾತು ಕಿವಿಗೆ ಬಿದ್ದದ್ದು ಅದೇ ಮೊದಲೋ ಏನೋ, ಮುಖ ಅಷ್ಟು ಅರಳಿತ್ತು. "ಆಂಟಿ, ನೀವು ಕನ್ನಡದವರಾ? ಏನಾಂಟಿ, ದೇವರಿಗೆ ಬಲಗಡೆ ಎಡಗಡೆ ದಾರಿ ತೋರಿಸ್ತಿದೀರಾ?"

ಸಾಹೇಬರು ನಗುತ್ತಲೇ, ಆಂಟಿ ಏನು ಹೇಳಿದರು ಅಂತ ಕೇಳಿದರು. ಹುಡುಗಿ ಅದೇ ಸಂಭ್ರಮದಲ್ಲಿ ಹಿಂದಿಗೆ ತಿರುಗಿಸಿ ಹೇಳಿದಳು. ಬಲಕ್ಕೆ, ಕೆಂಪು ಗುಂಡಿ, ಇನ್ನೂ ಬಲಕ್ಕೆ... ಹೇಳುತ್ತ ಹೇಳುತ್ತ ಹುಡುಗಿಯ ದನಿಯೇ ಇಳಿಯಿತು. ಸಾಹೇಬರು ಮೆಲ್ಲಗೆ ಈಕೆಯ ಹೆಸರು ಕರೆದು, ಬಾಣ ಈಗ ಎಲ್ಲಿದೆ ಹೇಳು ಅಂದರು. ನಾನು ತುಟಿ ತೆರೆದೆ. ಆಕೆ ನನ್ನ ಮೊಣಕಾಲ ಮೇಲೆ ಕೈ ಇಟ್ಟು ಒತ್ತಿದಳು, ಬ್ಯಾಡ ಅನ್ನೋ ಹಾಗೆ. ಆಮೇಲೆ ತಾನೇ ಪರದೆ ಕಡೆ ಮುಖ ಮಾಡಿ, "ಕಾಣ್ತಿಲ್ಲ ಸರ್" ಅಂತ ಹಿಂದಿಯಲ್ಲಿ ಹೇಳಿದಳು.

ಅವರು ಕೆಟ್ಟವರಾಗಿರಲಿಲ್ಲ. ಬಯ್ಯಲಿಲ್ಲ, ಮೋಸ ಮಾಡಿದೆ ಅನ್ನಲಿಲ್ಲ. ಆರೋಗ್ಯ ನೋಡಿಕೊಳ್ಳಮ್ಮ, ವಿಶ್ರಾಂತಿ ತಗೋ ಅಂದರು. ಮೆತ್ತಗೆ ಆಡಿದ ಮಾತಿಗೆ ತಿರುಗಿ ಜಗಳ ಆಡೋದಾದರೂ ಹ್ಯಾಂಗ? ತಿಂಗಳ ಕೊನೆಗೆ ಕೆಲಸ ಹೋಯಿತು.

ಆ ಬೆಂಗಳೂರಿನ ಹುಡುಗಿ ವಿಳಾಸ ಹುಡುಕಿಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು. ಒಳಗಿಂದ ಈಕೆ, "ಅಳಬೇಡ ಕಣೇ, ಕಾಫಿ ಆರೋಗತ್ತೆ. ಕನ್ನಡ ಕೇಳಿ ಖುಷಿಯಾಯ್ತು, ಅಷ್ಟೇ ಅಲ್ವಾ?" ಅಂದಳು. ನನಗೆ ಅಷ್ಟು ದೊಡ್ಡ ಮನಸ್ಸು ದೇವರು ಕೊಟ್ಟಿಲ್ಲ. ಆ ಹುಡುಗಿಗೆ ಕಾಫಿ ಕೊಡುವಾಗ ನಾನು ಮುಖ ನೋಡಲಿಲ್ಲ.

"ಬಾಡಿಗೆ ಬ್ಯಾಡವಾ, ಇಲ್ಲೇ ಇರು" ಅಂತ ಯಜಮಾನರೇ ಹೇಳಿದರು. "ಹಾಗಿದ್ರೆ ಅದು ನನ್ನ ಕೋಣೆ ಆಗಲ್ಲ, ಅಲ್ವಾ?" ಅಂದಳು. ಅಣ್ಣ ತಾನೇ ಬಂದ, ಯಾರನ್ನೋ ಕಳಿಸಲಿಲ್ಲ. ರೈಲಿನಲ್ಲಿ ಕೆಳಗಿನ ಸೀಟು ಸಿಕ್ಕಿತು. ಹೊರಡುವ ದಿನ ಬಿಸಿಲು ಕಡಿಮೆ ಇತ್ತು. ಇಷ್ಟಾದರೂ ಒಳ್ಳೆಯದಾಯಿತಲ್ಲ ಅಂತ ಅವತ್ತು ಇವನ್ನೆಲ್ಲ ಒಂದೊಂದಾಗಿ ದೇವರ ಮುಂದೆ ಹೇಳಿ ಕೈಮುಗಿದೆ. ಹೇಳಲಿಕ್ಕೆ ಬೇರೆ ಏನೂ ಇರಲಿಲ್ಲ. ಆಕೆ ಮೆಟ್ಟಿಲಿಳಿಯುವಾಗ ಅಣ್ಣ ರಟ್ಟೆ ಹಿಡಿದುಕೊಂಡಿದ್ದ. ಹಿಡಿಯೋದು ಬೇಕಿರಲಿಲ್ಲ, ಆ ಮೆಟ್ಟಿಲುಗಳು ಆಕೆಯ ಕಾಲಿಗೆ ಗೊತ್ತಿದ್ದವು. ಆದರೂ ಆಕೆ ಬಿಡಿಸಿಕೊಳ್ಳಲಿಲ್ಲ.

ಮೊದಮೊದಲು ಫೋನ್ ಬರುತ್ತಿತ್ತು. "ಎಲ್ಲಾ ಕೈಗೇ ತಂದು ಕೊಡ್ತಾರೆ ಕಾಕು, ನೀರು ಕೂಡ" ಅನ್ನೋಳು. ಅದು ಸುಖದ ಮಾತೋ ದುಃಖದ ಮಾತೋ ಕೇಳಲು ನನಗೆ ಧೈರ್ಯ ಆಗಲಿಲ್ಲ. ಬರಬರುತ್ತ ಮಾತು ಕಡಿಮೆಯಾಯಿತು. ಆಕೆಯ ಅತ್ತಿಗೆ ಫೋನ್ ಎತ್ತಿ, ಮಲಗಿದ್ದಾಳೆ ಅನ್ನತೊಡಗಿದರು. ಹಗಲಲ್ಲಿ ಮಾಡಿದರೂ ಮಲಗಿದ್ದಾಳೆ... ಒಂದು ಸಂಕ್ರಾಂತಿಗೆ ಎಳ್ಳು ಬೆಲ್ಲದ ಮಾತಾಡಲು ಫೋನ್ ಹಚ್ಚಿದರೆ ಆ ನಂಬರ್ ಬಳಕೆಯಲ್ಲಿಲ್ಲ ಅಂತ ಬಂತು. ಅಣ್ಣನ ನಂಬರೂ ಹಾಗೇ. ಮನೆಯ ವಿಳಾಸ ನಾವು ಕೇಳಿಟ್ಟುಕೊಂಡಿರಲಿಲ್ಲ. ಫೋನ್ ಇದೆಯಲ್ಲ ಅಂದುಕೊಂಡಿದ್ದೆವು.

ಈಗ ಮೇಲಿನ ಕೋಣೆಯಲ್ಲಿ ಕೋಚಿಂಗಿಗೆ ಬಂದ ಹುಡುಗಿಯರಿದ್ದಾರೆ. ಒಳ್ಳೆಯವರು, ಮೆಟ್ಟಿಲು ದಡದಡ ಇಳಿಯುತ್ತಾರೆ. ನಾನು ಸಂಜೆ ದೀಪ ಹಚ್ಚಿ ಎಲ್ಲರ ಹೆಸರು ಹೇಳುತ್ತೇನೆ. ಯಜಮಾನರ ಮೊಣಕಾಲು, ಮಗಳ ಸಂಸಾರ, ತವರುಮನೆ. ಆಕೆಯ ಹೆಸರು ಬಂದಾಗ ನಿಲ್ಲುತ್ತೇನೆ. ಇದ್ದವರಿಗಾದರೆ ಬೆಳಕು ಕೊಡಪ್ಪಾ ಅಂತ ಬೇಡಬೇಕು. ಹೋದವರಿಗಾದರೆ ಶಾಂತಿ ಕೊಡು ಅನ್ನಬೇಕು. ಇದ್ದವರಿಗೆ ಶಾಂತಿ ಕೇಳಿದರೆ ಅಪಶಕುನ, ಹೋದವರಿಗೆ ಬೆಳಕು ಕೇಳಿ ಏನು ಮಾಡೋದು... ಬರೀ ಹೆಸರಷ್ಟೇ ಹೇಳಿ, ಮುಂದೇನೂ ಕೇಳದೆ, ಕೈಮುಗಿದು ಎದ್ದುಬಿಡುತ್ತೇನೆ.